ಮಣ್ಣಿನ ಪರವಾಗಿ ವಕಾಲತ್ತು

ಕೊಳಚೆ ನೀರನ್ನು ಶುದ್ಧ ಮಾಡಲು ಎರಡು ದಾರಿಗಳಿವೆ. ಒಂದು, ಮಣ್ಣಿನಲ್ಲಿ ಇಂಗಿಸುವುದು. ಇನ್ನೊಂದು, ಕಾನೂನಿನಲ್ಲಿ ಇಂಗಿಸುವುದು. ಮೊದಲನೆಯದಕ್ಕೆ ಜಾಗ ಬೇಕು, ತಾಳ್ಮೆ ಬೇಕು. ಎರಡನೆಯದಕ್ಕೆ ವಕೀಲರಿದ್ದರೆ ಸಾಕು. ಹವಾಯಿಯ ಮಾವಿ ದ್ವೀಪದ ಕೌಂಟಿ ಆಡಳಿತ ಎರಡನೆಯದನ್ನು ಹಿಡಿದು ಅಮೆರಿಕದ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು.

ದ್ವೀಪದ ಪಶ್ಚಿಮ ಕರಾವಳಿಯ ಲಹೈನಾದಲ್ಲಿ ಕೌಂಟಿಯ ನೀರು ಸಂಸ್ಕರಣಾ ಘಟಕವಿದೆ. ರೆಸಾರ್ಟುಗಳ ಮತ್ತು ಊರಿನ ಬಚ್ಚಲು, ಪಾಯಿಖಾನೆಗಳ ನೀರು ಅಲ್ಲಿ ಹದವಾಗುತ್ತದೆ. ಒಂದಿಷ್ಟು ಪಾಲು ಗಾಲ್ಫ್ ಮೈದಾನದ ಹುಲ್ಲಿಗೆ ಹೋಗುತ್ತದೆ. ಉಳಿದದ್ದು, ದಿನಕ್ಕೆ ಸುಮಾರು 40 ಲಕ್ಷ ಗ್ಯಾಲನ್, ಎಂದರೆ ಒಂದೂವರೆ ಕೋಟಿ ಲೀಟರ್, ದಾವೆಯ ಕಾಲದಲ್ಲಿ ನಾಲ್ಕು ಬಾವಿಗಳಿಗೆ ಹೋಗುತ್ತಿತ್ತು. ಸೇದುವ ಬಾವಿಗಳಲ್ಲ, ತುರುಕುವ ಬಾವಿಗಳು. ಸಮುದ್ರ ಅಲ್ಲಿಂದ ಅರ್ಧ ಮೈಲಿ.

ಹವಾಯಿಯಲ್ಲಿ ಇಂಥ ಮರುಬಳಕೆಯ ನೀರಿಗೆ ‘ಆರ್-1’ ಎಂಬ ಅತ್ಯುನ್ನತ ದರ್ಜೆಯೊಂದಿದೆ. ಪ್ರಥಮ ದರ್ಜೆ ಎಂದಮೇಲೆ ಅನುಮಾನ ಪಡಬಾರದು. ಆದರೆ ಆ ಪರೀಕ್ಷೆಯಲ್ಲಿ ಕೇಳುವ ಪ್ರಶ್ನೆ ಮುಖ್ಯವಾಗಿ ರೋಗಾಣುಗಳದ್ದು: ಈ ನೀರು ಮೈಗೆ ತಾಗಿದರೆ ಮನುಷ್ಯನಿಗೆ ಕಾಯಿಲೆ ಬರುತ್ತದೆಯೇ? ನೈಟ್ರೋಜನ್, ಫಾಸ್ಫರಸ್ ಪಠ್ಯದ ಹೊರಗಿನವು. ಮನುಷ್ಯನ ಪರೀಕ್ಷೆಯಲ್ಲಿ ಪಾಸಾದ ನೀರು ಹವಳದ ಪರೀಕ್ಷೆಯಲ್ಲಿ ಡುಮ್ಕಿ ಹೊಡೆಯಬಹುದು. ಹವಳಕ್ಕೆ ಅಂಕಪಟ್ಟಿ ಕೊಡುವ ಅಧಿಕಾರವಿಲ್ಲ, ಅಷ್ಟೇ. ಹವಳದ ದಿಬ್ಬ ಬೆಳೆಯುವುದೇ ಗೊಬ್ಬರವಿಲ್ಲದ ತಿಳಿನೀರಿನಲ್ಲಿ. ಅಲ್ಲಿಗೆ ನೈಟ್ರೋಜನ್ ಸುರಿದರೆ ಪಾಚಿ ಹಬ್ಬ ಮಾಡುತ್ತದೆ.

ಇದನ್ನು ತಡೆಯುವ ವಿದ್ಯೆ ಮಣ್ಣಿಗೆ ಗೊತ್ತು. ಸಂಸ್ಕರಿಸಿದ ನೀರನ್ನು ಅಗಲವಾದ ತೊಟ್ಟಿಯಂಥ ಗದ್ದೆಗೆ ತುಂಬಿ, ಇಂಗಲು ಬಿಟ್ಟು, ಆಮೇಲೆ ಆ ಗದ್ದೆಯನ್ನು ಒಣಗಲು ಬಿಡಬೇಕು. ಒಣಗಿದಾಗ ಒಳನುಗ್ಗುವ ಗಾಳಿಯಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೇಟ್ ಮಾಡುತ್ತದೆ. ಮತ್ತೆ ನೀರು ನಿಂತು ಉಸಿರು ಕಟ್ಟಿದಾಗ ಇನ್ನೊಂದು ಜಾತಿ ಆ ನೈಟ್ರೇಟಿನಿಂದಲೇ ಆಮ್ಲಜನಕ ಕಿತ್ತುಕೊಂಡು, ನೈಟ್ರೋಜನ್ನನ್ನು ಗಾಳಿಗೆ ಬಿಟ್ಟುಬಿಡುತ್ತದೆ. ಈ ಎರಡನೆಯವರಿಗೆ ತಿನ್ನಲು ಇಂಗಾಲ ಬೇಕು; ನೀರಿನಲ್ಲಿ ಸಾಲದಿದ್ದರೆ ಮಣ್ಣಿಗೆ ಮರದ ಚೂರು ಬೆರೆಸಿದರಾಯಿತು. ಫಾಸ್ಫರಸ್ಸನ್ನು ಹಿಡಿಯಲು ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಕಾದಿರುತ್ತವೆ, ಹವಾಯಿಯ ಕೆಂಪು ಮಣ್ಣಿನಲ್ಲಂತೂ ಯಥೇಚ್ಛವಾಗಿ. ಸಂಬಳವಿಲ್ಲ, ಯೂನಿಯನ್ ಇಲ್ಲ. ಆಗಾಗ ಒಣಗಲು ರಜೆ ಕೊಡಬೇಕು, ಅದೊಂದೇ ಬೇಡಿಕೆ.

ಲಹೈನಾದ ಬಾವಿಗಳು ಈ ಕೆಲಸಗಾರರ ತಲೆಯ ಮೇಲಿಂದಲ್ಲ, ಮೈಯೊಳಗಿಂದಲೇ ಕೊಳವೆ ಹಾಯಿಸಿ ನೀರನ್ನು ಸೀದಾ ಜ್ವಾಲಾಮುಖಿ ಬಂಡೆಯ ಬಿರುಕುಗಳಿಗೆ ಇಳಿಸಿದವು. ಕೊಳವೆ ಮಣ್ಣಿನಲ್ಲಿ ಹಾದುಹೋಯಿತು, ನೀರಿಗೆ ಮಣ್ಣು ಸೋಕಲಿಲ್ಲ.

2011ರ ಜುಲೈನಲ್ಲಿ ವಿಜ್ಞಾನಿಗಳು ಬಾವಿಗೆ ಹೊಳೆಯುವ ಬಣ್ಣ ಸುರಿದು ಕಾದರು. 84 ದಿನಕ್ಕೆ ಅದು ಕಹೆಕಿಲಿ ಕಡಲತೀರದ ತಳದ ಬುಗ್ಗೆಗಳಲ್ಲಿ ಹಣಕಿತು. ಬಾವಿಗೆ ಹಾಕಿದ ನೀರಿನಲ್ಲಿ ಶೇ 64ರಷ್ಟು ಅಲ್ಲೇ ಮೇಲೇಳುತ್ತದೆ ಎಂದು ಲೆಕ್ಕ ಹಾಕಿದರು. ಸರ್ಕಾರ ಸುಮ್ಮನೇನೂ ಕೂತಿರಲಿಲ್ಲ. ಅದಕ್ಕೂ ಮೊದಲೇ, 2009ರಲ್ಲಿ, ಅದೇ ಕಹೆಕಿಲಿಯಲ್ಲಿ ಪಾಚಿ ತಿನ್ನುವ ಮೀನುಗಳನ್ನೂ ಕಡಲಮುಳ್ಳಿಗಳನ್ನೂ ಹಿಡಿಯಕೂಡದೆಂದು ರಾಜ್ಯ ಸರ್ಕಾರ ಕಟ್ಟಪ್ಪಣೆ ಹೊರಡಿಸಿತ್ತು. ಅತ್ತ ಕೌಂಟಿ ಪಾಚಿಗೆ ಗೊಬ್ಬರ ಹಾಕುವುದು, ಇತ್ತ ರಾಜ್ಯ ಮೀನುಗಳನ್ನು ಕಳೆ ಕೀಳಲು ನೇಮಿಸುವುದು. ಇಲಾಖೆಗಳ ನಡುವೆ ಇಂಥ ಹೊಂದಾಣಿಕೆ ನಮ್ಮ ವಿಧಾನಸೌಧದಲ್ಲೂ ದುರ್ಲಭ.

2012ರಲ್ಲಿ ಪರಿಸರ ಸಂಘಟನೆಗಳು ದಾವೆ ಹೂಡಿದವು. ಕೌಂಟಿಯ ವಾದ ಕೇಳಿ: 1972ರ ಶುದ್ಧ ಜಲ ಕಾಯ್ದೆಯ ಪ್ರಕಾರ ಕೊಳವೆಯಿಂದ ಸಮುದ್ರಕ್ಕೆ ಬಿಟ್ಟರೆ ಪರವಾನಗಿ ಬೇಕು, ನಾವು ಬಿಟ್ಟದ್ದು ಭೂಮಿಗೆ. ಭೂಮಿ ಅದನ್ನು ಸಮುದ್ರಕ್ಕೆ ಬಿಟ್ಟರೆ ಅದು ಭೂಮಿಯ ಸ್ವಂತ ವ್ಯವಹಾರ. ಇಷ್ಟು ವರ್ಷ ಕೆಲಸ ಕೊಡದೆ ಕೂರಿಸಿದ್ದ ನೆಲವನ್ನು ಕೋರ್ಟಿನಲ್ಲಿ ಆರೋಪಿಯ ಜಾಗಕ್ಕೆ ಕರೆದು ನಿಲ್ಲಿಸಿದರು. 2019ರಲ್ಲಿ ಕೌಂಟಿಯ ಪರಿಷತ್ತೇ 5–4 ಮತಗಳಿಂದ ‘ರಾಜಿ ಮಾಡಿಕೊಳ್ಳಿ’ ಎಂದಿತು. ಮೇಯರ್ ಒಪ್ಪಲಿಲ್ಲ.

2020ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು, 6–3. ಬರೆದವರು ನ್ಯಾಯಮೂರ್ತಿ ಸ್ಟೀಫನ್ ಬ್ರೇಯರ್. ಈ ವಾದ ಒಪ್ಪಿದರೆ ಯಾರು ಬೇಕಾದರೂ ಕೊಳವೆಯನ್ನು ದಡಕ್ಕಿಂತ ಕೆಲವೇ ಗಜ ಹಿಂದಕ್ಕೆಳೆದು ತಪ್ಪಿಸಿಕೊಳ್ಳಬಹುದಲ್ಲ ಎಂಬುದು ಅವರ ತರ್ಕ. ಕೌಂಟಿ ಚಾಪೆ ಕೆಳಗೆ ತೂರಿದ್ದಕ್ಕೆ ಕೋರ್ಟು ರಂಗೋಲಿ ಕೆಳಗೆ ತೂರಿತು: ನೇರವಾಗಿ ಬಿಡದಿದ್ದರೂ ಫಲಿತಾಂಶದಲ್ಲಿ ನೇರವಾಗಿ ಬಿಟ್ಟದ್ದಕ್ಕೆ ಸಮವಾಗಿದ್ದರೆ ಪರವಾನಗಿ ಬೇಕು. ಸಮವೋ ಅಲ್ಲವೋ ಎಂದು ತೂಗಲು ದೂರ, ಸಮಯದ ಜೊತೆಗೆ ನೀರು ಯಾವ ಪದಾರ್ಥದ ಮೂಲಕ ಹಾದುಬಂತು, ದಾರಿಯಲ್ಲಿ ಎಷ್ಟು ಬದಲಾಯಿತು ಎಂಬುದನ್ನೂ ನೋಡಿ ಎಂದರು. ಮರುವರ್ಷ ಜುಲೈನಲ್ಲಿ ಕೆಳಗಿನ ನ್ಯಾಯಾಲಯ ತೂಗಿ ನೋಡಿ, ಲಹೈನಾಕ್ಕೆ ಪರವಾನಗಿ ಬೇಕೇ ಬೇಕು ಎಂದಿತು. ಮಣ್ಣಿಗೆ ಕೆಲಸ ಕೊಟ್ಟಿದ್ದರೆ ತಕ್ಕಡಿಗೆ ಹಾಕಲು ಕೌಂಟಿಯ ಕೈಯಲ್ಲಿ ಏನಾದರೂ ಇರುತ್ತಿತ್ತು.

‘ಅದಕ್ಕೆಲ್ಲ ಜಾಗ ಎಲ್ಲಿದೆ ಸ್ವಾಮಿ’ ಎನ್ನುತ್ತೀರಾ? ಇಸ್ರೇಲ್ ಟೆಲ್ ಅವಿವ್ ಸುತ್ತಲ ಊರುಗಳ ಕೊಳಚೆ ನೀರನ್ನು ಸಂಸ್ಕರಿಸಿ, ಕಡಲಂಚಿನ ಮರಳುದಿಬ್ಬಗಳಲ್ಲಿ ಸರದಿಯ ಮೇಲೆ ತುಂಬಿಸಿ, ಒಣಗಿಸಿ, ದಶಕಗಳಿಂದ ನೆಗೆವ್ ಮರುಭೂಮಿಯ ಹೊಲಗಳಿಗೆ ಕಳಿಸುತ್ತಿದೆ. ಮಾವಿಯಲ್ಲೂ ಜಾಗಕ್ಕೆ ಬರವಿರಲಿಲ್ಲ. ಲಹೈನಾದ ಪಯೊನಿಯರ್ ಮಿಲ್ 1999ರಲ್ಲಿ ಮುಚ್ಚಿದ ಮೇಲೆ ಊರಿನ ಮೇಲ್ಭಾಗದ ಕಬ್ಬಿನ ಗದ್ದೆಗಳು ಪಾಳುಬಿದ್ದು, ಹೊರಗಿನಿಂದ ಬಂದ ಹುಲ್ಲು ಆಳೆತ್ತರ ಬೆಳೆದು ಒಣಗಿ ನಿಂತಿತ್ತು. 2023ರ ಆಗಸ್ಟ್‌ನಲ್ಲಿ ಊರನ್ನೇ ಸುಟ್ಟ ಬೆಂಕಿಗೆ ಆ ಹುಲ್ಲೂ ಉರುವಲಾಯಿತು. ಇದರಲ್ಲಿ ನಗುವುದಕ್ಕೆ ಏನೂ ಇಲ್ಲ.

ನಮಗೇಕೆ ಮಾವಿಯ ಉಸಾಬರಿ ಎನ್ನುವಂತಿಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಎರಡು ಹಂತ ಶುದ್ಧವಾಗಿ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಮೂರನೇ ಹಂತ ಎಲ್ಲಿ ಎಂದು ಕೇಳಿದರೆ, ಕೆರೆಯ ತಳದ ಮಣ್ಣೇ ಸೋಸುತ್ತದೆ ಎಂಬ ಉತ್ತರ ಸಿದ್ಧವಿದೆ. ಮಣ್ಣು ಸೋಸುತ್ತದೆ, ನಿಜ. ಅದಕ್ಕೆ ನಡುನಡುವೆ ಒಣಗಬೇಕು ಎಂಬುದನ್ನು ಜನಪ್ರತಿನಿಧಿಗಳಿಗೆ ಹೇಳುವವರು ಯಾರು? ತುಂಬಿದ ಕೆರೆಗೆ ಬಾಗಿನ ಕೊಡಲು ಸಚಿವರು, ಶಾಸಕರು, ಕ್ಯಾಮೆರಾದವರು ಸಾಲಾಗಿ ಬರುತ್ತಾರೆ. ಮಣ್ಣಿನ ರಜೆಗೆಂದು ಬರಿದು ಮಾಡಿದ ಕೆರೆಯ ಬಿರುಕಿಗೆ ಮೊರದ ಬಾಗಿನ ಇಳಿಸುವ ಒಬ್ಬ ಶಾಸಕನನ್ನು ತೋರಿಸಿ, ಆಮೇಲೆ ಮೂರನೇ ಹಂತದ ಮಾತಾಡೋಣ.