ಖಾರದ ಊರಿಗೆ ಬೆಲ್ಲದ ಬಿಸ್ಕೀಟು

ಸವಣೂರಿನಲ್ಲಿ ತಿಂಡಿ ಎಂದರೆ ಖಾರಾ. ಅಲ್ಲಿ ಹೋಗಿ ‘ಆರೋಗ್ಯಕರ ಕುಕೀಸ್’ ಎಂದರೆ ಜನ ಮೊದಲು ಮುಖ ನೋಡುತ್ತಾರೆ, ಆಮೇಲೆ ‘ಆರಾಮ ಅದೀರಿಲ್ರಿ?’ ಎಂದು ವಿಚಾರಿಸುತ್ತಾರೆ.

ಆದರೂ ಹಾನಗಲ್, ಶಿಗ್ಗಾಂವಿ, ಹಿರೇಕೆರೂರಿನ ಅಡುಗೆಮನೆಗಳಿಗೂ ಈ ಕುಕೀಸ್ ಹುರುಪು ಹೊಕ್ಕಿದೆ. ಮೈದಾ ಹೋಗಿ ನವಣೆ, ಡಾಲ್ಡಾ ಹೋಗಿ ಬೆಣ್ಣೆ, ಸಕ್ಕರೆ ಹೋಗಿ ಬೆಲ್ಲ. ಒಂದು ಕಾಲಕ್ಕೆ ಹಿಟ್ಟು, ಸಕ್ಕರೆ, ಡಾಲ್ಡಾ ಹೊತ್ತು ಬೇಕರಿಗೆ ಹೋಗಿ ನಾನಖಟಾಯಿ ಮಾಡಿಸಿಕೊಂಡು ಬರುತ್ತಿದ್ದ ಅವ್ವಂದಿರು ಈಗ ಕುಕ್ಕರಿನ ತಳಕ್ಕೆ ಉಪ್ಪು ಸುರಿದು, ರಬ್ಬರ್, ಸೀಟಿ ಎರಡನ್ನೂ ತೆಗೆದಿಟ್ಟು, ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ. ಮೊಮ್ಮಕ್ಕಳು ಮುಚ್ಚಳದ ಸುತ್ತ ಕಾವಲು!

ನವಣೆಯಲ್ಲಿ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಇಲ್ಲ. ಬರೀ ಅದನ್ನೇ ಹಾಕಿದರೆ ಬಿಸ್ಕೀಟು ಬಾಯಿಗೆ ಬರುವ ಮೊದಲೇ ಪುಡಿ. ಅರ್ಧ ಗೋಧಿ ಹಿಟ್ಟು ಸೇರಿಸಿದರೆ ಮಾತು ಕೇಳುತ್ತದೆ. ಬೆಲ್ಲ ತೇವ ಎಳೆಯುವುದರಿಂದ ಕುರುಕು ತುಸು ಕಡಿಮೆ.

ಎಣ್ಣೆ, ಡಾಲ್ಡಾದಂಥ ವನಸ್ಪತಿಯ ಟ್ರಾನ್ಸ್ ಫ್ಯಾಟ್‌ಗೆ 2022ರಿಂದ ಶೇ 2ರ ಮಿತಿಯಿದೆ. ಬೆಲ್ಲದ ಬಿಸ್ಕೀಟು ಎಷ್ಟು ತಿನ್ನಬೇಕು ಎಂಬುದಕ್ಕೆ ಅಂಥ ಮಿತಿ ಇಲ್ಲದ್ದರಿಂದ, ‘ಹೆಲ್ದಿ ಐತಿ, ತಗೋರಿ’ ಎನ್ನುತ್ತಲೇ ಡಬ್ಬಿ ಖಾಲಿ. ಬೆಲ್ಲವೂ ಸಕ್ಕರೆಯ ಖಾಸಾ ತಮ್ಮನೇ. ಸಕ್ಕರೆ ಕಾಯಿಲೆಯವರಿಗೆ ಇಬ್ಬರೂ ಒಂದೇ. ಚಹಾದ ಜೊತೆ ಎರಡು ತಿನ್ನಿ. ಮೂರನೆಯದಕ್ಕೆ ಕೈ ಹೋದರೆ ಡಬ್ಬಿಯನ್ನು ಪಕ್ಕದ ಮನೆಗೆ ದಾಟಿಸಿಬಿಡಿ.