ನಮ್ಮ ಸಾಲಿಡಸ್ ಭಾವ

ಚಿನ್ನ ಕೂಡಿಡುವವರಿಗೆ ನಮ್ಮಲ್ಲಿ ಬರವಿಲ್ಲ. ಆದರೆ ಚಿನ್ನ ಕೂಡಿಟ್ಟು, ಅದನ್ನು ಯಾರಾದರೂ ಚಿನ್ನ ಎಂದರೆ ಮುನಿಸಿಕೊಳ್ಳುವ ಒಂದು ಜಾತಿಯೂ ಇದೆ. ಅವರೇ ಬೈಜಾಂಟೈನ್, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ, ನಾಣ್ಯ ಸಂಗ್ರಾಹಕರು. ಲಂಡನ್ನಿನ ಹರಾಜುಗಳಲ್ಲಿ, ನಾಣ್ಯದ ಸಂತೆಗಳಲ್ಲಿ ಇವರನ್ನು ದೂರದಿಂದಲೇ ಗುರುತಿಸಬಹುದು. ಜೇಬಿನಲ್ಲಿ ಭೂತಗನ್ನಡಿ, ಬಗಲಲ್ಲಿ ಡೇವಿಡ್ ಸಿಯರ್ ಬರೆದ ಕ್ಯಾಟಲಾಗು, ಮೈಮೇಲೆ ಮೊಣಕೈ ಸವೆದ ಕೋಟು. ಹೊಸ ಕೋಟಿನ ದುಡ್ಡು ಎಲ್ಲಿ ಹೋಯಿತೆಂದು ಕೇಳುವ ಅಗತ್ಯವಿಲ್ಲ. ಇಂಥವರೊಬ್ಬರು ನನಗೆ ಷಡ್ಡಕರಾಗಿ ದೊರೆತದ್ದು ಪೂರ್ವಜನ್ಮದ ಬಾಕಿ.

ಭಾವ ಹಾನಗಲ್ ಕಡೆಯವರು, ಲಂಡನ್ನಿನಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು. ಅವರ ಮನೆಗೆ ಹೋದ ನೆಂಟರಿಗೆ ಮೊದಲು ಸಿಗುವುದು ಕಾಫಿಯಲ್ಲ, ಸೋಪು. ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡು, ಊಟದ ಮೇಜಿನ ಮೇಲೆ ಮಡಿಸಿ ಹಾಸಿದ ಟವೆಲಿನ ಮುಂದೆ ಕೂರಬೇಕು. ನಾಣ್ಯವನ್ನು ಅಂಚಿನಲ್ಲೇ ಹಿಡಿಯಬೇಕು, ಟವೆಲಿನ ಗಡಿ ದಾಟಿಸಬಾರದು. ಆಮೇಲೆ ಪರೀಕ್ಷೆ. "ಹೇಳ್ ನೋಡೋಣು, ಯಾಂವ ಇವಾ?"

ಎಲ್ಲರಿಗೂ ಅದೇ ಕಿರೀಟ, ಅದೇ ಶಿಲುಬೆ, ಅದೇ ಅರಳಿದ ಕಣ್ಣು. ನಾನು ತಪ್ಪದೆ "ಜಸ್ಟಿನಿಯನ್" ಎನ್ನುತ್ತೇನೆ. ಆ ಹೆಸರಿನವರು ಇಬ್ಬರಿದ್ದಾರೆ, ಗೆಲ್ಲುವ ಆಸೆ ಒಂದಿಷ್ಟು ಜಾಸ್ತಿ. ಎರಡನೆಯವನನ್ನು 695ರಲ್ಲಿ ಮೂಗು ಕೊಯ್ದು ಗಡೀಪಾರು ಮಾಡಿದ್ದರು. ಅವನು 705ರಲ್ಲಿ ಮರಳಿ ಬಂದು ಸಿಂಹಾಸನ ಹತ್ತಿದ. ಆಮೇಲೆ ಅವನು ಅಚ್ಚು ಹಾಕಿಸಿದ ನಾಣ್ಯದಲ್ಲಿ ಮೂಗು ನೆಟ್ಟಗಿದೆ. ಅಧಿಕಾರದಲ್ಲಿರುವವರನ್ನು ಯಾವ ಕೋನದಿಂದ ನೋಡಬೇಕೆಂಬುದು ಆ ಅಚ್ಚಿನ ಕೆಲಸಗಾರನಿಗೆ ಆಗಲೇ ತಿಳಿದಿತ್ತು.

ಭಾವನ ನಿಜವಾದ ಪ್ರೀತಿ ಮಾತ್ರ ಮುಖಗಳ ಮೇಲಲ್ಲ, ನಂಬಿಕೆಯ ಮೇಲೆ. ಚಕ್ರವರ್ತಿ ಕಾನ್‌ಸ್ಟಂಟೈನ್ ನಾಲ್ಕನೇ ಶತಮಾನದ ಆರಂಭದಲ್ಲಿ, ರೋಮಿನ ಒಂದು ಪೌಂಡ್ ಚಿನ್ನಕ್ಕೆ 72ರಂತೆ ಸಾಲಿಡಸ್ ನಾಣ್ಯ ಹೊಡೆಸಿದ. ಒಂದೊಂದು ಸುಮಾರು ನಾಲ್ಕೂವರೆ ಗ್ರಾಂ. ಏಳು ಶತಮಾನ ಅದು ಹೆಚ್ಚುಕಡಿಮೆ ಅಪ್ಪಟವಾಗಿಯೇ ಉಳಿಯಿತು. ಆರನೇ ಶತಮಾನದ ವ್ಯಾಪಾರಿ ಕಾಸ್ಮಾಸ್ ಒಂದು ಕತೆ ಬರೆದಿಟ್ಟಿದ್ದಾನೆ: ಸಿಂಹಳದ ರಾಜನ ಮುಂದೆ ಪರ್ಷಿಯಾದವನೊಬ್ಬ ತಮ್ಮ ದೊರೆಯೇ ದೊಡ್ಡವನೆಂದು ಕೊಚ್ಚಿಕೊಂಡಾಗ ಸೋಪಾತ್ರಸ್ ಎಂಬ ರೋಮನ್ ವರ್ತಕ, "ಇಬ್ಬರ ನಾಣ್ಯವನ್ನೂ ನೋಡಿ" ಎಂದನಂತೆ. ಅತ್ತ ಬೆಳ್ಳಿ, ಇತ್ತ ಚಿನ್ನ. ತೀರ್ಪು ಅಲ್ಲೇ ಮುಗಿಯಿತು. ಭಾವ ಮೂರೂ ಪಾತ್ರಗಳನ್ನು ತಾವೇ ಆಡಿ ತೋರಿಸುತ್ತಾರೆ. ಹನ್ನೊಂದನೇ ಶತಮಾನದಲ್ಲಿ ಈ ಚಿನ್ನಕ್ಕೆ ಕಲಬೆರಕೆ ಶುರುಮಾಡಿದ ನಾಲ್ಕನೇ ಮೈಕೇಲನ ಮಾತು ಬಂದರೆ ಮುಖ ಕೆಂಪಾಗುತ್ತದೆ. ಪಾಲಿನಲ್ಲಿ ಮೋಸ ಮಾಡಿದ ದಾಯಾದಿಯ ಮೇಲೆ ಇರುವಂಥ ಸಿಟ್ಟು ಅದು.

ಒಂದು ಸಲ ಅತ್ತೆಯವರು ಮೈಸೂರಿನಿಂದ ಬಂದಿದ್ದರು. ನಾವೂ ಅಲ್ಲೇ ಇದ್ದೆವು. ಅತ್ತಿಗೆ ಬಿಸಿಬೇಳೆಬಾತ್ ಮಾಡಿ ಮೇಜಿಗೆ ತಂದಿಟ್ಟರೆ, ಭಾವ ಪಾತ್ರೆಯನ್ನು ಪಕ್ಕಕ್ಕೆ ಸರಿಸಿ ಟವೆಲು ಹಾಸಿದರು. ಅಂದಿನ ಅತಿಥಿ ಚಕ್ರವರ್ತಿ ಹೆರಾಕ್ಲಿಯಸ್. ಎದೆ ಮುಚ್ಚುವ ಗಡ್ಡ, ಅಕ್ಕಪಕ್ಕ ಇಬ್ಬರು ಮಕ್ಕಳು. ಅತ್ತೆ ನಾಣ್ಯವನ್ನು ಅಂಚಿನಲ್ಲಿ ಹಿಡಿಯಲಿಲ್ಲ. ಅಂಗೈಯಲ್ಲಿಟ್ಟು ತೂಗಿದರು.

"ಎಷ್ಟು ಗ್ರಾಂ?"

"4.4, ಅತ್ತಿಯವ್ರ."

"ಒಂದು ಜೊತೆ ಬೆಂಡೋಲೆಗೆ ಸಾಕು."

"ಇದು ಬಂಗಾರ ಅಲ್ರೀ, ಹೆರಾಕ್ಲಿಯಸ್!"

"ಯಾರಾದರೇನು, ಮಾಸಿದ್ದಾನಲ್ಲ ಅಳಿಯಂದಿರೇ," ಎನ್ನುತ್ತ ಅತ್ತೆ ಸೆರಗಿನಿಂದ ಉಜ್ಜತೊಡಗಿದರು. ಭಾವ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಸಂಗ್ರಾಹಕರಲ್ಲಿ ಉಜ್ಜುವುದು ಮಹಾಪಾಪ, ಒಂದು ಗೀರು ಬಿದ್ದರೂ ಬೆಲೆ ಇಳಿಯುತ್ತದೆ. ಅತ್ತೆ ಅದಕ್ಕೆ ಕಿವಿಗೊಡದೆ, ಅಂಟುವಾಳದ ಕಾಯಿ ನೀರಿನಲ್ಲಿ ನೆನೆಹಾಕಿದರೆ ಬೆಳಗಾಗುವಷ್ಟರಲ್ಲಿ ಫಳಫಳ ಎನ್ನುತ್ತದೆ ಎಂದರು. ಇಡೀ ಸಂಜೆ ಇಬ್ಬರೂ ಮಾತಾಡಲಿಲ್ಲ. ಬಿಸಿಬೇಳೆಬಾತ್ ತಣ್ಣಗಾಗಿ ಗಟ್ಟಿಯಾಗಿತ್ತು. ನನಗೆ ಹೆರಾಕ್ಲಿಯಸ್‌ನಿಗಿಂತ ಆ ದುಃಖವೇ ದೊಡ್ಡದು.

ತಮಾಷೆಯೆಂದರೆ ಇತಿಹಾಸ ಅತ್ತೆಯ ಪಕ್ಷ. ಭಾವನ ತವರು ತಾಲ್ಲೂಕಿನಲ್ಲೇ, ಅಕ್ಕಿಆಲೂರಿನಲ್ಲಿ, ಬೈಜಾಂಟೈನ್ ಚಿನ್ನದ ನಾಣ್ಯಗಳ ನಿಧಿ ಸಿಕ್ಕಿದೆ. ಆ ಸುದ್ದಿ ಕೇಳುತ್ತ ಬೆಳೆದದ್ದರಿಂದಲೇ ಅವರಿಗೆ ಈ ಹುಚ್ಚು ಹತ್ತಿದ್ದು. ದಕ್ಷಿಣ ಭಾರತದಲ್ಲಿ ಸಿಕ್ಕ ಇಂಥ ಹಲವು ನಾಣ್ಯಗಳಲ್ಲಿ ಚಕ್ರವರ್ತಿಯ ತಲೆಯ ಮೇಲೆ ಎರಡು ತೂತುಗಳಿವೆ. ದಾರಕ್ಕೆ ಪೋಣಿಸಿ ತೊಡಲು ಮಾಡಿಕೊಂಡವು ಅವು. ಕಾನ್‌ಸ್ಟಾಂಟಿನೋಪಲ್‌ನಿಂದ ಸಮುದ್ರ ದಾಟಿ ಬಂದ ಸಾಮ್ರಾಜ್ಯದ ಠೀವಿಯನ್ನೆಲ್ಲ ನಮ್ಮವರು ಕೊರಳಿಗೆ ಹಾಕಿಕೊಂಡರು. ಹರಾಜಿನಲ್ಲಿ ತೂತು ಬಿದ್ದ ನಾಣ್ಯಕ್ಕೆ ಬೆಲೆ ಕಡಿಮೆ. ಅತ್ತೆಯನ್ನು ಕೇಳಿದರೆ ಅದೊಂದೇ ಉಪಯೋಗಕ್ಕೆ ಬರುವ ನಾಣ್ಯ ಎಂದಾರು.

ಭಾವನ ಆರಾಧ್ಯದೈವ ಕೇಂಬ್ರಿಜ್‌ನ ಇತಿಹಾಸಕಾರ ಫಿಲಿಪ್ ಗ್ರಿಯರ್ಸನ್ (1910–2006). ಅಪ್ಪನ ಸಾಮಾನಿನಲ್ಲಿ ಸಿಕ್ಕ ಒಂದು ಬೈಜಾಂಟೈನ್ ತಾಮ್ರದ ಬಿಲ್ಲೆಯಿಂದ ಶುರುಮಾಡಿ ಸುಮಾರು 20,000 ಮಧ್ಯಯುಗದ ನಾಣ್ಯ ಕೂಡಿಸಿ, ಎಲ್ಲವನ್ನೂ ಅಲ್ಲಿನ ಫಿಟ್ಸ್‌ವಿಲಿಯಂ ಮ್ಯೂಸಿಯಮ್ಮಿಗೆ ಬಿಟ್ಟುಹೋದವರು. "ಮದುವೆ ಆಗದವರಿಗೆ ದಾನ ಸುಲಭ," ಎನ್ನುತ್ತಾರೆ ಅತ್ತಿಗೆ. ಭಾವನ ಮಗ ಒಮ್ಮೆ ಮೊಬೈಲಿನಲ್ಲಿ ಅಂದಿನ ಚಿನ್ನದ ದರ ನೋಡಿ, ಒಟ್ಟು ತೂಕ ಎಷ್ಟೆಂದು ಕೇಳಿದ. ಭಾವ ಸಿಟ್ಟಾಗಲಿಲ್ಲ, ಅದೇ ನನಗೆ ಗಾಬರಿ. ಒಂದೊಂದು ನಾಣ್ಯದ ಜೊತೆಗೂ ಅವರು ಒಂದು ಚೀಟಿ ಇಟ್ಟಿದ್ದಾರೆ. ಯಾವ ರಾಜ, ಎಷ್ಟು ತೂಕ, ಎಲ್ಲಿ ಕೊಂಡದ್ದು, ಅಂದು ಮಳೆಯಿತ್ತೋ ಇಲ್ಲವೋ, ಎಲ್ಲವೂ ಕನ್ನಡದಲ್ಲಿ. ಮಗನಿಗೆ ಕನ್ನಡ ಓದಲು ಬರುವುದಿಲ್ಲ. ಕಲಿಸಲು ಯಾರಿಗೆ ಪುರುಸೊತ್ತಿತ್ತೆಂದು ಕೇಳಬಾರದು.

ಈ ಹುಚ್ಚಿನಿಂದ ನಾನೇನು ಪಾರಾಗಿ ಉಳಿದಿಲ್ಲ. ಬಸ್ಸಿನ ಕಂಡಕ್ಟರ್ ಚಿಲ್ಲರೆ ಕೊಟ್ಟರೆ ಇಸವಿಯ ಕೆಳಗೆ ಚುಕ್ಕೆಯಿದೆಯೋ ನಕ್ಷತ್ರವಿದೆಯೋ ನೋಡುತ್ತೇನೆ. ಚುಕ್ಕೆಯಾದರೆ ನೋಯ್ಡಾ ಟಂಕಸಾಲೆ, ನಕ್ಷತ್ರವಾದರೆ ಹೈದರಾಬಾದು. ಪಕ್ಕದಲ್ಲಿ ಕೂತವರಿಗೂ ಹೇಳುತ್ತೇನೆ. ಅವರು ಮುಂದಿನ ಸ್ಟಾಪಿನಲ್ಲಿ ಇಳಿದುಬಿಡುತ್ತಾರೆ.

ಹಾನಗಲ್, ಅಕ್ಕಿಆಲೂರು ಕಡೆಯ ಓದುಗರಲ್ಲಿ ಒಂದು ವಿನಂತಿ. ಪಾಯ ತೋಡುವಾಗ ಶಿರಸ್ತ್ರಾಣ ತೊಟ್ಟು ಈಟಿ ಹಿಡಿದ ರಾಜನ ಹಳದಿ ಬಿಲ್ಲೆ ಸಿಕ್ಕರೆ ಅಕ್ಕಸಾಲಿಗರ ಅಂಗಡಿಗೆ ಒಯ್ಯಬೇಡಿ, ಸೆರಗಿನಿಂದಲೂ ಉಜ್ಜಬೇಡಿ. ಜಿಲ್ಲಾಧಿಕಾರಿ ಕಚೇರಿಗೆ ತಿಳಿಸಿ, ಕಾನೂನು ಹೇಳುವುದೂ ಅದನ್ನೇ. ಲಂಡನ್ನಿಗೆ ಮಾತ್ರ ಫೋನ್ ಮಾಡಬೇಡಿ, ಭಾವ ಮುಂದಿನ ವಿಮಾನಕ್ಕೇ ಹತ್ತಿಬಿಡುತ್ತಾರೆ.