ತಿನ್ಲಿಕ್ಕಾ, ನೋಡ್ಲಿಕ್ಕಾ?

ಮೀನಿನ ಮರಿ ಮಾರುವ ಅಂಗಡಿಯವನು ಕೇಳಿದ ಮೊದಲ ಪ್ರಶ್ನೆಗೇ ನಾನು ತಡವರಿಸಿದೆ. ‘ತಿನ್ಲಿಕ್ಕಾ, ನೋಡ್ಲಿಕ್ಕಾ?’

‘ಗೊಬ್ಬರಕ್ಕೆ’ ಎಂದೆ.

ಅವನು ಬಲೆಯನ್ನು ನೀರಿನಿಂದ ಮೇಲೆತ್ತಿ ಹಿಡಿದು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ‘ಗೊಬ್ಬರಕ್ಕಾದ್ರೆ ಒಣಗಿದ ಬೂತಾಯಿ ಸಾಕಲ್ಲ ಮಾರಾಯ್ರೇ. ತೆಂಗಿನ ಬುಡಕ್ಕೆ ಅದನ್ನೇ ಹಾಕುದು. ಜೀವ ಇರುದು ಯಾಕೆ?’

ಜೀವ ಇದ್ದರೆ ತಾನೇ ಅದು ಉಚ್ಚೆ ಹೊಯ್ಯುವುದು? ಮೀನಿನ ಮಟ್ಟಿಗೆ ಉಚ್ಚೆ ಎಂಬುದೂ ಅಷ್ಟು ಸರಿಯಲ್ಲ. ಅದರ ಮೈಯ ಅಮೋನಿಯಾ ಹೆಚ್ಚಿನಂಶ ಹೊರಗೆ ಹೋಗುವುದು ಕಿವಿರಿನ ಮೂಲಕ. ಆ ನೀರನ್ನು ಜಲ್ಲಿ ತುಂಬಿದ ಪಾತಿಗೆ ಹಾಯಿಸಿದರೆ ಜಲ್ಲಿಗೆ ಅಂಟಿದ ಒಂದು ಜಾತಿಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಜಾತಿ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ, ಗಿಡ ಅದನ್ನು ಉಂಡು ನೀರನ್ನು ತಿಳಿ ಮಾಡಿ ಮೀನಿಗೆ ಮರಳಿಸುತ್ತದೆ. ಅಕ್ವಾಪೋನಿಕ್ಸ್ ಎಂದರೆ ಇಷ್ಟೇ. ಮಂಗಳೂರಿನಲ್ಲಿ ನಾಲ್ಕು ತಿಂಗಳು ಮಣ್ಣನ್ನು ಮಳೆ ಕೊಚ್ಚಿಕೊಂಡು ಹೋಗುತ್ತದೆ, ಏಪ್ರಿಲ್‌ಗೆ ಬಾವಿಯ ತಳ ಕಾಣುತ್ತದೆ. ಮಣ್ಣೂ ಬೇಡ, ನೀರೂ ಹೆಚ್ಚು ಬೇಡ ಎಂಬ ಕೃಷಿ ಯಾರಿಗೆ ಬೇಡ? ವಿಡಿಯೋದಲ್ಲಿ ಇದನ್ನು ವಿವರಿಸಿದ ಮಹಾಶಯ ಸ್ವೆಟರ್ ಹಾಕಿಕೊಂಡಿದ್ದ. ನೀರು ತಣ್ಣಗಾಗದಂತೆ ಹೀಟರ್ ಇಡಿ ಅಂತಲೂ ಹೇಳಿದ. ಆಗಲೇ ನಾನು ಫೋನು ಮುಚ್ಚಬೇಕಿತ್ತು.

ಟೆರೇಸಿನಲ್ಲಿ 500 ಲೀಟರಿನ ಕಪ್ಪು ಟಾಂಕಿ ಬಂತು, ಅದರ ಪಕ್ಕ ಎತ್ತರದ ಸ್ಟ್ಯಾಂಡು, ಸ್ಟ್ಯಾಂಡಿನ ಮೇಲೆ ಉದ್ದುದ್ದ ಸೀಳಿದ ಡ್ರಮ್ಮು. ಬ್ಯಾಕ್ಟೀರಿಯಾ ನೆಲೆಯಾಗಲು ನಾಲ್ಕರಿಂದ ಆರು ವಾರ ಬೇಕು, ಅಷ್ಟು ದಿನ ಮೀನಿಲ್ಲದೆಯೇ ನೀರಿಗೆ ಅಮೋನಿಯಾ ಒದಗಿಸಬೇಕು. ಎಲ್ಲಿಂದ ತರುವುದೆಂದು ನಾನು ಯೋಚಿಸುತ್ತಿದ್ದಾಗ ಅಮ್ಮ ದೇವರ ಕೋಣೆಯಿಂದ ಗೋಮೂತ್ರದ ಬಾಟಲಿ ತಂದಿಟ್ಟಳು. ಅದರಲ್ಲಿ ಯೂರಿಯಾ ಉಂಟು, ಯೂರಿಯಾ ನೀರಿನಲ್ಲಿ ಅಮೋನಿಯಾ ಆಗುತ್ತದೆ. ಹೀಗೆ ನನ್ನ ವಿಜ್ಞಾನ ಪುಣ್ಯಾಹದೊಂದಿಗೆ ಆರಂಭವಾಯಿತು.

ದಿನಾ ಬೆಳಿಗ್ಗೆ ನೀರಿನ ಪರೀಕ್ಷೆ. ಗಾಜಿನ ಕೊಳವೆಗೆ ನೀರು ತುಂಬಿ ಎರಡು ಬಗೆಯ ಹನಿ ಹಾಕಿ ಅಲ್ಲಾಡಿಸಿದರೆ ಬಣ್ಣ ಬರುತ್ತದೆ. ಅಮೋನಿಯಾ ಇಲ್ಲದಿದ್ದರೆ ಹಳದಿ, ಹೆಚ್ಚಿದಂತೆ ಹಸಿರು. ಕಾರ್ಡಿನ ಬಣ್ಣದ ಜತೆ ಹೋಲಿಸಿ ನೋಡಬೇಕು. ನನಗೆ ಎಲ್ಲವೂ ಹಸಿರೇ. ಹೆಂಡತಿಯನ್ನು ಕರೆದೆ. ಅವಳು ಕೊಳವೆಯನ್ನು ಸೀರೆ ಅಂಗಡಿಯಲ್ಲಿ ಮಾಡುವಂತೆ ಬಾಗಿಲ ಬೆಳಕಿಗೊಯ್ದು, ಕಣ್ಣು ಕಿರಿದು ಮಾಡಿ, ‘ಇದು ಗಿಳಿಹಸಿರಲ್ಲ. ಎಳೆ ಬಾಳೆಸುಳಿ. ಮೊನ್ನೆಯದ್ದು ಗಿಳಿಹಸಿರು’ ಎಂದಳು. ಮೂರನೇ ವಾರ ನೈಟ್ರೈಟಿನ ಕೊಳವೆ ಪಕ್ಕಾ ನೇರಳೆಗೆ ತಿರುಗಿದಾಗ, ಇದೇ ಬಣ್ಣದ ಸೀರೆ ತನಗೆ ಐದು ವರ್ಷದಿಂದ ಸಿಕ್ಕಿಲ್ಲ ಎಂದು ಕೊಳವೆಯನ್ನು ಪೇಟೆಗೆ ಒಯ್ಯಲು ಹೊರಟಿದ್ದಳು.

ಸೈಫನ್ನಿನ ಕತೆ ಬೇರೆ. ಡ್ರಮ್ಮಿನಲ್ಲಿ ನೀರು ಜಲ್ಲಿಯೊಳಗೆ ಬೆರಳು ಬೆರಳಾಗಿ ಏರುತ್ತದೆ. ನಡುವೆ ನಿಂತ ಪೈಪಿನ ಬಾಯಿ ದಾಟಿದ ಕೂಡಲೇ, ಅದರ ಮೇಲೆ ಕವುಚಿದ ಅಗಲ ಪೈಪು ಗೊರ್ರನೆ ಅಷ್ಟನ್ನೂ ಹೀರಿ ಕೆಳಗೆ ಬಿಡುತ್ತದೆ. ತಳ ಬರಿದಾದಾಗ ಗಾಳಿ ಎಳೆದುಕೊಂಡು ಒಂದು ದೊಡ್ಡ ತೇಗು. ಆ ಗಾಳಿ ಬೇರಿಗೂ ಬೇಕು, ಬ್ಯಾಕ್ಟೀರಿಯಾಕ್ಕೂ ಬೇಕು. 20 ನಿಮಿಷಕ್ಕೊಮ್ಮೆ, ಹಗಲೂ ರಾತ್ರಿ. ಮೊದಲ ರಾತ್ರಿ ಕಳೆದು ಕಾಫಿಗೆ ಕೂತಾಗ ಅಮ್ಮ ಮೆಲ್ಲಗೆ ಕೇಳಿದಳು: ‘ಮಹಡಿ ಮೇಲೆ ಯಾರು ಬಂದದ್ದು? ಪಾಪ, ಹೊಟ್ಟೆ ಪೂರಾ ಹಾಳಾಗಿದೆ ಅಲ್ವಾ?’

ಮೀನು ಬಂತು. ಹದಿನೈದು ಕೋಯಿ ಮರಿಗಳು. ಸ್ವೆಟರಿನವನ ಮಾತು ನಂಬಿ ಲೆಟ್ಯೂಸ್ ನೆಟ್ಟೆ. ಮಾರ್ಚ್ ಸೆಖೆಗೆ ಅದು ಎಲೆ ಬಿಡುವ ಮೊದಲೇ ಕೋಲಿನಂತೆ ಎದ್ದು ಹೂವಿಗೆ ಹೊರಟಿತು. ಜಗಿದರೆ ಕಿರಾತಕಡ್ಡಿಯ ತಮ್ಮ. ನಿಜವಾಗಿ ನಾನು ಹಿಡಿಯಬೇಕಿದ್ದ ಗುರು ಬೇರೆ. ಕೆರಿಬಿಯನ್ ಸಮುದ್ರದ ಸೇಂಟ್ ಕ್ರೋಯಿ ದ್ವೀಪದಲ್ಲಿ ಜೇಮ್ಸ್ ರಾಕೋಸಿ ಎಂಬ ವಿಜ್ಞಾನಿ, ನಮ್ಮಂಥದ್ದೇ ಸೆಖೆಯಲ್ಲಿ, ದಶಕಗಟ್ಟಲೆ ತಿಲಾಪಿಯಾ ಮೀನಿನ ಜತೆ ಕಾಮಕಸ್ತೂರಿ, ಬೆಂಡೆ ಬೆಳೆದು ತೋರಿಸಿದವರು. ಇದನ್ನೆಲ್ಲ ಕುಮಟಾದ ಭಾವನಿಗೆ ಫೋನಿನಲ್ಲಿ ವರ್ಣಿಸಿದೆ. ಅವರು ಪೂರ್ತಿ ಕೇಳಿ, ‘ನಮ್ಮ ಅಘನಾಶಿನಿ ಗಜನಿಯಲ್ಲಿ ಮಳೆಗಾಲ ಕಗ್ಗ ಭತ್ತ, ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಇದಕ್ಕೆ ಹೆಸರು ಬೇರೆ ಇಟ್ಟಿದ್ದಾರಾ?’ ಎಂದರು. ಲೆಟ್ಯೂಸ್ ಕಿತ್ತು ಬಸಳೆ ಬಳ್ಳಿ ಊರಿದೆ. ಅದು ಮೂರೇ ದಿನದಲ್ಲಿ ಹೊಸ ಚಿಗುರು ಬಿಟ್ಟಿತು.

ಏಪ್ರಿಲ್‌ನಲ್ಲಿ ಟಾಂಕಿಯ ನೀರು 34 ಡಿಗ್ರಿ. ಗೋಣಿ ಸುತ್ತಿ ನೀರು ಚಿಮುಕಿಸಿದರೆ ತಂಪಾಗುತ್ತದೆ ಎಂದು ವಿಜಯಪುರದ ಸ್ನೇಹಿತ ಹೇಳಿದ. ಅವನ ಊರಿನಲ್ಲಿ ಆಗುತ್ತದೆ, ಅಲ್ಲಿನ ಗಾಳಿಗೆ ಒದ್ದೆ ಕಂಡರೆ ಬಾಯಾರಿಕೆ. ನಮ್ಮಲ್ಲಿ ಮೈಮೇಲಿನ ಬೆವರೇ ಆರುವುದಿಲ್ಲ, ಗೋಣಿ ಆರುವುದೆಲ್ಲಿಂದ? ಗೋಣಿಗೆ ಬೂಷ್ಟು ಹಿಡಿಯಿತೇ ಹೊರತು ನೀರು ತಣಿಯಲಿಲ್ಲ. ಕೊನೆಗೆ ಇಡೀ ಸಂಸಾರವನ್ನು ಕೆಳಗಿಳಿಸಿ, ಬಾವಿಯ ಪಕ್ಕ ಟಾಂಕಿಯನ್ನು ಅರ್ಧ ಮಣ್ಣಿನಲ್ಲಿ ಹೂತು, ಮೇಲೆ ಮಡಲಿನ ಚಪ್ಪರ ಹಾಕಿಸಿದೆ. ಜಲ್ಲಿ ಇಳಿಸಿದವರ ಕೂಲಿಯನ್ನು ಹೆಂಡತಿಗೆ ಈವರೆಗೆ ಹೇಳಿಲ್ಲ.

ಬಿಸಿ ನೀರಿನ ನಿಜವಾದ ತೊಂದರೆ ಬಿಸಿಯಲ್ಲ, ಉಸಿರು. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 30 ಡಿಗ್ರಿಯದ್ದು ಹಿಡಿಯುವುದು ಏಳೂವರೆ. ಸೆಖೆಗೆ ಮೀನಿನ ಹಸಿವು, ಓಡಾಟ ಎಲ್ಲ ಜಾಸ್ತಿ. ಉಸಿರಾಡಲು ಮಾತ್ರ ಕಮ್ಮಿ. ಪಂಪು, ಗಾಳಿ ಗುಳ್ಳೆಯ ಯಂತ್ರ ಓಡುತ್ತಿರುವವರೆಗೆ ಈ ಲೆಕ್ಕ ಪುಸ್ತಕದಲ್ಲಿರುತ್ತದೆ. ಮೇ ತಿಂಗಳ ಒಂದು ರಾತ್ರಿ ಗುಡುಗು ಸಿಡಿಲಿನೊಡನೆ ಕರೆಂಟು ಹೋಯಿತು. ಮಳೆ ನಾಲ್ಕು ಹನಿ ಬಿದ್ದು ಬೇರೆ ಊರಿಗೆ ಹೋಯಿತು. ಎರಡು ಗಂಟೆಗೆ ಟಾರ್ಚ್ ಹಿಡಿದು ನೋಡಿದರೆ ಹದಿನೈದು ಬಾಯಿಗಳು ನೀರಿನ ಮೇಲೆ ಒ, ಒ, ಒ ಎನ್ನುತ್ತಿವೆ.

ನೀರನ್ನು ಕಲಕಬೇಕು, ಎತ್ತರದಿಂದ ಬೀಳಿಸಬೇಕು. ಕೈಗೆ ಸಿಕ್ಕಿದ್ದು ತಾಮ್ರದ ಚೊಂಬು. ಟಾಂಕಿಯಿಂದ ಒಂದು ಚೊಂಬು ತುಂಬಿ, ತಲೆಯೆತ್ತರಕ್ಕೆ ಹಿಡಿದು, ಮತ್ತೆ ಟಾಂಕಿಗೇ ಹೊಯ್ಯುವುದು. ಕೈ ಸೋತಾಗ ಹೆಂಡತಿ. ಅವಳೂ ಸೋತಾಗ ನಾನು. ಅಮ್ಮ ಮೆಟ್ಟಿಲ ಮೇಲೆ ಕೂತು, ಬರೀ ಬಾಯಿಯಲ್ಲಿ ಹೊಯ್ಯಬಾರದೆಂದು ರುದ್ರ ಹೇಳಿಕೊಳ್ಳತೊಡಗಿದಳು. ನಮಕ ಮುಗಿದು ಚಮಕವೂ ಮುಗಿಯಿತು. ಕಂಪೌಂಡಿನಾಚೆ ಪಕ್ಕದ ಮನೆಯ ಬಾಯಮ್ಮನ ಟಾರ್ಚ್ ಹೊತ್ತಿತು.

‘ಭಟ್ರೇ, ಇಷ್ಟು ಹೊತ್ತಿಗೆ ಎಂತ ಪೂಜೆ?’

‘ಮೀನಿಗೆ ಬಾಯಮ್ಮ. ಉಸಿರು ಕಟ್ಟಿದೆ.’

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಶಿಲುಬೆಯ ಗುರುತು ಹಾಕಿಕೊಂಡು ಒಳಗೆ ಹೋದರು. ಮೀನಿಗಾಗಿಯೋ ನನಗಾಗಿಯೋ ತಿಳಿಯಲಿಲ್ಲ. ಬೆಳಗಿನ ಜಾವ ಐದಕ್ಕೆ ಕರೆಂಟು ಬಂತು. ಹದಿನೈದರಲ್ಲಿ ಹದಿಮೂರು ಉಳಿದವು. ಮರುದಿನವೇ ಬ್ಯಾಟರಿಯ ಗಾಳಿಯಂತ್ರ ತಂದೆ; ಅಲ್ಲಿಗೆ ಒಂದು ಕಟ್ಟು ಬಸಳೆಯ ಅಸಲು ಲೆಕ್ಕ ಹಾಕುವುದನ್ನು ನಿಲ್ಲಿಸಿದೆ.

ಆಮೇಲೆ ಬಳ್ಳಿ ಚಪ್ಪರ ಹತ್ತಿತು. ನಡುವೆ ಎಳೆ ಎಲೆಗಳು ನರ ಮಾತ್ರ ಹಸಿರುಳಿಸಿಕೊಂಡು ಹಳದಿಯಾದವು: ಕಬ್ಬಿಣದ ಕೊರತೆ, ಮೀನಿನ ಆಹಾರದಿಂದ ಗಿಡಕ್ಕೆ ಸಾಲುವಷ್ಟು ಸಿಗದ ವಸ್ತುಗಳಲ್ಲಿ ಒಂದು. ನೀರಿನಲ್ಲಿ ಕರಗುವ ಕಬ್ಬಿಣದ ಪುಡಿ ಹಾಕಿದೆ, ಸರಿಹೋಯಿತು. ಸರಿಹೋಗದೆ ಉಳಿದದ್ದು ಅಮ್ಮನ ಪ್ರಶ್ನೆ: ಮೀನಿನ ಹೊಲಸು ಕುಡಿದು ಬೆಳೆದ ಬಸಳೆ ನೈವೇದ್ಯದ ದಿನ ಅಡಿಗೆಗೆ ಆಗುತ್ತದೋ? ಎರಡು ದಿನ ಯೋಚಿಸಿ ಅವಳೇ ತೀರ್ಪು ಕೊಟ್ಟಳು. ಶೃಂಗೇರಿಯ ತುಂಗೆಯಲ್ಲಿ ಅಷ್ಟು ಮೀನು ಉಂಟು, ನಾವೇ ಮಂಡಕ್ಕಿ ಹಾಕುತ್ತೇವೆ, ಅದೇ ನೀರನ್ನು ಪ್ರೋಕ್ಷಣೆ ಮಾಡಿಕೊಳ್ಳುತ್ತೇವೆ. ಅಲ್ಲಿ ಆಗುವುದು ಬಾವಿಕಟ್ಟೆಯಲ್ಲಿ ಯಾಕಾಗಬಾರದು?

ಬಾಯಮ್ಮ ದಿನಾ ಸಂಜೆ ಕಂಪೌಂಡಿನ ಮೇಲಿಂದ ಟಾಂಕಿಯನ್ನು ನೋಡುತ್ತಿದ್ದರು. ಅವರ ಕಣ್ಣು ಮೀನಿನ ಮೇಲಿದೆಯೆಂದು ನನಗೆ ಗುಮಾನಿ. ಒಂದು ದಿನ ನಾನೇ ಬಾಯಿಬಿಟ್ಟೆ: ‘ಬಾಯಮ್ಮ, ಇದು ಕೊಡಲಿಕ್ಕೆ ಆಗುದಿಲ್ಲ, ಬೇಸರ ಮಾಡಬೇಡಿ.’

‘ಅಯ್ಯೋ ದೇವಾ, ಯಾರಿಗೆ ಬೇಕು ಭಟ್ರೇ! ಸಿಹಿನೀರಿನ ಮೀನು ಪೂರಾ ಕೆಸರು ವಾಸನೆ. ಫ್ರೀ ಕೊಟ್ರೂ ಬೇಡ.’

ನನಗೆ ಬಂದ ಸಿಟ್ಟು ನನಗೇ ಆಶ್ಚರ್ಯ. ಮೊಟ್ಟೆಯನ್ನೂ ಮುಟ್ಟಿ ಗೊತ್ತಿಲ್ಲದ ನಾನು ಬೇಲಿ ಹಿಡಿದು ನಿಂತು, ನಮ್ಮ ನೀರು ಎಷ್ಟು ಶುದ್ಧ, ಅಮೋನಿಯಾ ಸೊನ್ನೆ, ನಮ್ಮ ಮೀನಿಗೆ ಕೆಸರು ಎಂದರೇನೆಂದೇ ಗೊತ್ತಿಲ್ಲ, ರುಚಿಯಲ್ಲಿ ಯಾವ ಅಂಜಲಿಗೂ ಕಡಿಮೆಯಿರಲಿಕ್ಕಿಲ್ಲ ಎಂದು ಐದು ನಿಮಿಷ ವಾದಿಸಿದೆ. ಒಳಗೆ ಅಮ್ಮ ಕೇಳಿಸಿಕೊಳ್ಳುತ್ತಿದ್ದಳು.

‘ಇರಬಹುದು’ ಎಂದರು ಬಾಯಮ್ಮ. ‘ನನಗೆ ಆ ಬಸಳೆ ಒಂದು ಕಟ್ಟು ಕೊಡಿ.’

ಕೊಟ್ಟೆ. ಮರುದಿನ ಸಂಜೆ ಕಂಪೌಂಡಿನಾಚೆಯಿಂದ ಬಸಳೆಗೆ ಸಿಗಡಿ ಹಾಕಿ ಕುದಿಸುವ ಘಮ ಹೊರಟು ಬಾವಿಕಟ್ಟೆಯ ಸುತ್ತ ನಿಂತಿತು. ಆಹಾರದ ಹೊತ್ತಾಗಿ ಹದಿಮೂರು ಬಾಯಿಗಳು ನೀರಿನ ಮೇಲೆ ಬಂದಿದ್ದವು. ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಗೆ ಬಂದಳು.

‘ಟಾಂಕಿಗೆ ಒಂದು ಮುಚ್ಚಳ ಹಾಕೋ, ಪಾಪ, ಅವಕ್ಕೆ ಗೊತ್ತಾದೀತು.’